ಸತ್ಯಾಂಶ: ಮ್ಯಾಮೊಗ್ರಾಂ ವರದಿಯಲ್ಲಿ ‘ಅಸಿಮೆಟ್ರಿ’ ಇದ್ದರೆ ಕ್ಯಾನ್ಸರ್ ಎಂದೇ ಅರ್ಥವೇ?

ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ವರದಿಯಲ್ಲಿ ‘ಅಸಿಮೆಟ್ರಿ’ (ಎರಡು ಕಡೆ ಒಂದೇ ಥರ ಇಲ್ಲದಿರುವುದು) ಎಂಬ ಪದ ಕಂಡರೆ ಕ್ಯಾನ್ಸರ್ ಶುರುವಾಗಿದೆ ಅನ್ನುವ ಮೆಸೇಜ್ ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇದೆ. ಕಳಿಸುವವರದು ಕಾಳಜಿಯೇ. ಆದರೆ ಮಾತು ತಪ್ಪು.

ಎರಡು ಸ್ತನಗಳು ಪೂರ್ತಿ ಒಂದೇ ಥರ ಇರುವುದಿಲ್ಲ. ಒಂದು ಕಡೆ ಗ್ರಂಥಿ ಜಾಸ್ತಿ, ಇನ್ನೊಂದು ಕಡೆ ಕೊಬ್ಬು ಜಾಸ್ತಿ ಇರಬಹುದು. ಚಿತ್ರದಲ್ಲಿ ಗ್ರಂಥಿ ಬೆಳ್ಳಗೆ, ಕೊಬ್ಬು ಕಪ್ಪಗೆ ಕಾಣುತ್ತದೆ. ಸಾಮಾನ್ಯವಾಗಿ ಪ್ರತಿ ಸ್ತನಕ್ಕೆ ಎರಡು ಚಿತ್ರ ತೆಗೆಯುತ್ತಾರೆ. ಒಂದು ಮೇಲಿನಿಂದ, ಇನ್ನೊಂದು ಓರೆಯಾಗಿ. ಒಂದು ಸ್ತನದ ಈ ಎರಡು ಚಿತ್ರಗಳ ಪೈಕಿ ಒಂದರಲ್ಲಿ ಮಾತ್ರ ಬಿಳಿ ಭಾಗ ಕಂಡರೆ ಅದು ಅಸಿಮೆಟ್ರಿ. ಸ್ತನವನ್ನು ಒತ್ತಿ ಹಿಡಿದಾಗ ಪದರಗಳು ಒಂದರ ಮೇಲೊಂದು ಬಿದ್ದು ಹಾಗೆ ಕಾಣುವುದೇ ಹೆಚ್ಚು. ಎರಡೂ ಚಿತ್ರಗಳಲ್ಲಿ ಕಂಡರೆ ‘ಫೋಕಲ್ ಅಸಿಮೆಟ್ರಿ’. ಹಿಂದಿನ ಚಿತ್ರದಲ್ಲಿ ಇಲ್ಲದ್ದು ಈಗ ಕಂಡರೆ, ಅಥವಾ ಇದ್ದದ್ದು ದೊಡ್ಡದಾಗಿದ್ದರೆ ‘ಡೆವಲಪಿಂಗ್ ಅಸಿಮೆಟ್ರಿ’. ವೈದ್ಯರು ಹೆಚ್ಚು ಎಚ್ಚರದಿಂದ ನೋಡುವುದು ಇದನ್ನು. ಬಯಾಪ್ಸಿಯೂ (ಆ ಜಾಗದಿಂದ ಚೂರು ತೆಗೆದು ಪರೀಕ್ಷಿಸುವುದು) ಬೇಕಾಗಬಹುದು. ಹೋಲಿಸಿ ನೋಡಲು ಬೇಕಾಗುವುದರಿಂದ ಹಳೆಯ ಫಿಲ್ಮ್, ಸಿಡಿಗಳನ್ನು ದಯವಿಟ್ಟು ಎಸೆಯಬೇಡಿ.

ಇಂಥ ಮೆಸೇಜ್ ನಂಬಬಹುದೇ ಎಂದು ನೀವೇ ಪರೀಕ್ಷಿಸಬಹುದು. ಮೆಸೇಜ್‌ನಲ್ಲಿ ಯಾವ ಬಗೆಯ ಅಸಿಮೆಟ್ರಿ ಎಂದು ಹೇಳಿದೆಯಾ? ಮಾಹಿತಿ ಎಲ್ಲಿಂದ ಬಂತು ಅಂತ ಇದೆಯಾ? ಆಮೇಲೆ ನಿಮ್ಮ ವರದಿಯ ಕೊನೆಗೆ ಹೋಗಿ ‘ಬೈ-ರಾಡ್ಸ್’ (BI-RADS) ಸಂಖ್ಯೆ, ಅಂದರೆ ಮುಂದೇನು ಮಾಡಬೇಕು ಎಂದು ತಿಳಿಸಲು ವೈದ್ಯರು ಕೊಡುವ ಅಂಕಿ, ನೋಡಿ. 0 ಅಂದರೆ ಇನ್ನಷ್ಟು ಚಿತ್ರ ಅಥವಾ ಅಲ್ಟ್ರಾಸೌಂಡ್ ಬೇಕು ಅಂತ, ಕಾಯಿಲೆ ಇದೆ ಅಂತಲ್ಲ. 1, 2 ಇದ್ದರೆ ಕ್ಯಾನ್ಸರ್ ಸುಳಿವಿಲ್ಲ. 3ಕ್ಕೆ ಸಾಮಾನ್ಯವಾಗಿ 6 ತಿಂಗಳಲ್ಲಿ ಮತ್ತೆ ನೋಡುತ್ತಾರೆ. 4, 5 ಇದ್ದರೆ ಬಯಾಪ್ಸಿಗೆ ಹೇಳುತ್ತಾರೆ.

ಮತ್ತೆ ಕರೆದರೆ ಹೆದರಿ ಮನೆಯಲ್ಲೇ ಕೂರಬೇಡಿ, ಹೋಗಿ ಬನ್ನಿ. ಕೈಗೆ ಗಂಟು ಸಿಕ್ಕಿದರೆ, ವರದಿ ಚೆನ್ನಾಗಿದ್ದರೂ ವೈದ್ಯರಿಗೆ ತೋರಿಸಿ.