ಸ್ಪಷ್ಟನೆ: ಥ್ರೆಡ್ ಕೂತರೆ ಫಿಟಿಂಗ್ ಹೊಂದಿತೆಂದಲ್ಲ

ಜೆ.ಸಿ. ರಸ್ತೆಯಲ್ಲಿ ಸಿಗುವ ಕಾರಿನ ಫ್ಲೇರ್ ಫಿಟಿಂಗನ್ನು (ಕೊಳವೆಯ ಅಗಲಿಸಿದ ತುದಿಯನ್ನು ನಟ್ಟಿನಿಂದ ಒತ್ತಿ ಹಿಡಿಯುವ ಜೋಡಣೆ), ಥ್ರೆಡ್ ಹೊಂದಿದರೆ ಸಾಕು, ಹಗುರ ವಿಮಾನದ ಕೂಲೆಂಟ್ ಕೊಳವೆಗೂ ಬಳಸಬಹುದು ಎಂಬ ಮಾತು ಬೆಂಗಳೂರಿನ ಹವ್ಯಾಸಿಗಳಲ್ಲಿ ಹರಿದಾಡುತ್ತಿದೆ, ಅದು ತಪ್ಪು. ವಿಮಾನಗಳ ಎಎನ್ (ಅಮೆರಿಕದ ಸೇನಾ ಮಾನದಂಡ) ಫಿಟಿಂಗಿನ ಫ್ಲೇರ್ ಕೋನ 37 ಡಿಗ್ರಿ, ವಾಹನಗಳ ಎಸ್‌ಎಇ (ವಾಹನ ಎಂಜಿನಿಯರ್‌ಗಳ ಸಂಘದ ಮಾನದಂಡ) ಫ್ಲೇರಿನದು 45 ಡಿಗ್ರಿ. ಕೆಲವು ಅಳತೆಗಳಲ್ಲಿ ಎರಡರ ಥ್ರೆಡ್ಡೂ ಒಂದೇ ಆಗಿರುವುದರಿಂದ ನಟ್ಟು ಸಲೀಸಾಗಿ ಕೂರುತ್ತದೆ (ಮೋಸಹೋಗುವುದೇ ಇಲ್ಲಿ), ಆದರೆ ಇಳಿಜಾರುಗಳು ಪೂರ್ತಿ ತಾಗದೆ ಸಣ್ಣ ಗೆರೆಯಷ್ಟೇ ಒತ್ತಿಕೊಳ್ಳುವುದರಿಂದ, ಎಂಜಿನ್ನಿನ ಕಂಪನಕ್ಕೆ ಸೋರಿಕೆ ಶುರುವಾಗಬಹುದು, ಕೊಳವೆಯ ತುದಿ ಬಿರಿಯಲೂಬಹುದು.

ಹಗುರ ವಿಮಾನಗಳ ಎಂಜಿನ್ನಾದ ರೋಟ್ಯಾಕ್ಸ್ 912ರಲ್ಲಿ ಸಿಲಿಂಡರ್ ಹೆಡ್‌ಗಳನ್ನು ತಣಿಸುವುದು ಈ ಕೊಳವೆಯಲ್ಲಿ ಹರಿಯುವ ಕೂಲೆಂಟ್ ದ್ರವವೇ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲೇ ತೆರೆದ ಪಾತ್ರೆಯ ನೀರು 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕುದಿಯುತ್ತದೆ. ಒತ್ತಡ ಸೋರಿಹೋದ ಕೂಲಿಂಗ್ ವ್ಯವಸ್ಥೆಯಲ್ಲಿ, ವಿಮಾನ ಮೇಲೇರಿದಂತೆ ಕೂಲೆಂಟಿನ ಕುದಿಬಿಂದು ಇನ್ನಷ್ಟು ಇಳಿಯುತ್ತದೆ.