ಹೆಲಿಕಾಪ್ಟರ್ ಕೊಟ್ಟೆವು ಸರಿ, ಹಾರಿಸೋರು ಯಾರ್ರೀ?

ಹಾವೇರಿ, ಗದಗ ಕಡೆ ಮಳೆ ಕೈಕೊಟ್ಟ ವರ್ಷ ಈ ವಾದ ಜೋರಾಗುತ್ತದೆ. "ನಮ್ಮ ರೈತನ ಬೆಳೆ ಪರಿಹಾರಕ್ಕ ರೊಕ್ಕ ಇಲ್ಲ, ಮಾಲ್ದೀವ್ಸಿನವರಿಗೆ ಹೆಲಿಕಾಪ್ಟರ್ ಯಾಕ?" ಅಂತ ಒಬ್ಬರು. "ನಾವು ಕೊಡಲಿಲ್ಲಂದ್ರ ಚೀನಾದವ ಬಂದು ಕೂಡ್ತಾನ, ಗೊತ್ತೇನು?" ಅಂತ ಇನ್ನೊಬ್ಬರು. ಬೇರೆ ದೇಶಗಳಿಗೆ ಭಾರತ ರಕ್ಷಣಾ ನೆರವು ಕೊಡಬೇಕು ಅನ್ನೋರ ಕಡೆ ನಾನು. ಆದರೆ ಕೊಟ್ಟದ್ದು ಐದು ವರ್ಷದ ಮೇಲೂ ಕೆಲಸ ಮಾಡುತ್ತದೆಯೇ ಅಂತ ಎರಡೂ ಕಡೆಯವರು ಕೇಳೋದಿಲ್ಲ.

ಮಾಲ್ದೀವ್ಸಿನಲ್ಲಿ ನಮ್ಮವು ಎರಡು ಧ್ರುವ್ ಹೆಲಿಕಾಪ್ಟರ್, ಒಂದು ಡಾರ್ನಿಯರ್ ವಿಮಾನ. ಮೂರೂ ಎಚ್‌ಎಎಲ್ ತಯಾರಿಸಿದ್ದು. ದೂರದ ದ್ವೀಪಗಳಿಂದ ರೋಗಿಗಳನ್ನು ತರೋದು, ಸಮುದ್ರದ ಮೇಲೆ ಕಣ್ಣಿಡೋದು ಇವುಗಳ ಮುಖ್ಯ ಕೆಲಸ. 2023ರಲ್ಲಿ ಅಧ್ಯಕ್ಷರಾದ ಮುಯಿಝು ಭಾರತದ ಸೈನಿಕರು ಹೊರಡಲಿ ಅಂದರು. 2024ರ ಮೇ 10ರೊಳಗೆ ಎಪ್ಪತ್ತಕ್ಕೂ ಹೆಚ್ಚು ಜನ ವಾಪಸ್ ಬಂದರು, ಅವರ ಜಾಗಕ್ಕೆ ಇಲ್ಲಿಂದಲೇ ಸಿವಿಲಿಯನ್ ತಂಡ ಹೋಯಿತು. ಆ ಬೆನ್ನಿಗೇ ಅಲ್ಲಿನ ರಕ್ಷಣಾ ಸಚಿವ ಘಸ್ಸಾನ್ ಮೌಮೂನ್ ಒಪ್ಪಿಕೊಂಡರು: ಇವನ್ನು ಹಾರಿಸಬಲ್ಲವರು ತಮ್ಮ ಸೇನೆಯಲ್ಲಿ ಇಲ್ಲ, ತರಬೇತಿ ಶುರುವಾಗಿತ್ತು, ನಾನಾ ಕಾರಣಕ್ಕೆ ಮುಗಿಯಲಿಲ್ಲ. ಮೊದಲ ಹೆಲಿಕಾಪ್ಟರ್ ಅಲ್ಲಿಗೆ ಹೋದದ್ದು 2010ರಲ್ಲಿ!

ನಗೋದು ಸುಲಭ. ಕೆಲಸ ಎಷ್ಟಿದೆ ನೋಡಿ. ಪೈಲಟ್‌ಗೆ ಮೊದಲು ಸಣ್ಣ ಹೆಲಿಕಾಪ್ಟರ್ ಮೇಲೆ ಪಾಠ, ಆಮೇಲೆ ಈ ಮಾದರಿಗೇ ಬೇರೆ ಕೋರ್ಸು, ಆಮೇಲೆ ವಿಂಚ್ (ಹಗ್ಗ ಸುತ್ತೋ ಯಂತ್ರ) ಬಿಟ್ಟು ದೋಣಿಯಿಂದ ಮನುಷ್ಯರನ್ನು ಎತ್ತೋದು, ಕೊನೆಗೆ ರಾತ್ರಿ ಹಾರಾಟ. ಕತ್ತಲಲ್ಲಿ ಸಮುದ್ರ ಯಾವುದು, ಆಕಾಶ ಯಾವುದು ತಿಳಿಯೋದಿಲ್ಲ, ಮೀಟರ್ ನಂಬಿಯೇ ಹಾರಬೇಕು. ಕೆಳಗೆ ಹೆಲಿಕಾಪ್ಟರಿನ ಮೈಗೆ, ಎಂಜಿನ್‌ಗೆ, ಎಲೆಕ್ಟ್ರಾನಿಕ್ಸ್‌ಗೆ ಬೇರೆಬೇರೆ ಮೆಕ್ಯಾನಿಕ್‌ಗಳು. ಅಧಿಕಾರ ಇದ್ದವರ ಸಹಿ ಬೀಳದೆ ಹೆಲಿಕಾಪ್ಟರ್ ನೆಲ ಬಿಡೋ ಹಾಗಿಲ್ಲ. ಸಮುದ್ರದ ಮೇಲೆ ಕೆಳಮಟ್ಟದಲ್ಲಿ ಹಾರಿ ಬಂದ ಎಂಜಿನ್ನನ್ನು ಸಿಹಿನೀರಿನಿಂದ ತೊಳೆಯಬೇಕು. ಬಿಟ್ಟರೆ ಎಂಜಿನ್ನೊಳಗೆ ಗಾಳಿ ಒತ್ತೋ ಕಂಪ್ರೆಸರ್ ಬ್ಲೇಡುಗಳ ಮೇಲೆ ಉಪ್ಪು ಕೂತು ಶಕ್ತಿ ಇಳಿಯುತ್ತದೆ, ಮುಂದೆ ಬ್ಲೇಡನ್ನೇ ತಿನ್ನುತ್ತದೆ. ಇಷ್ಟನ್ನೂ ಕಲಿತವ ಕೆಲಸ ಬಿಟ್ಟು ಖಾಸಗಿ ಕಂಪನಿಗೆ ಹೋದರೆ ಮತ್ತೆ ಮೊದಲಿನಿಂದ ಶುರು.

ತಪ್ಪು ನಮ್ಮ ಕಡೆಯೂ ಇರುತ್ತದೆ. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕೋಸ್ಟ್ ಗಾರ್ಡ್‌ನ ಧ್ರುವ್ ಬಿದ್ದು ಮೂವರು ಸತ್ತರು. ತನಿಖೆಯಲ್ಲಿ ಸ್ವಾಶ್‌ಪ್ಲೇಟ್ ಬಿರುಕು ಬಿಟ್ಟದ್ದು ಕಂಡಿತು. ಪೈಲಟ್‌ನ ಕೈಯ ಚಲನೆಯನ್ನು ಮೇಲೆ ತಿರುಗೋ ರೆಕ್ಕೆಗಳಿಗೆ ಮುಟ್ಟಿಸೋ ಭಾಗ ಅದು; ಅದು ಹೋದರೆ ಕೈಯಲ್ಲಿ ಏನೂ ಉಳಿಯೋದಿಲ್ಲ. ನಮ್ಮ ಸೇನೆಗಳ ಮುನ್ನೂರಕ್ಕೂ ಹೆಚ್ಚು ಧ್ರುವ್‌ಗಳು ತಿಂಗಳುಗಟ್ಟಲೆ ನೆಲ ಹಿಡಿದವು. ಎರಡೇ ಇದ್ದವರಿಗೆ ಇಂಥ ಹೊತ್ತಿನಲ್ಲಿ ಬದಲಿ ಎಲ್ಲಿಂದ? ಈಕ್ವೆಡಾರ್ ದುಡ್ಡು ಕೊಟ್ಟೇ ಏಳು ಧ್ರುವ್ ಕೊಂಡಿತ್ತು. ನಾಲ್ಕು ಬಿದ್ದವು, 2015ರಲ್ಲಿ ಒಪ್ಪಂದವನ್ನೇ ರದ್ದು ಮಾಡಿತು. ತಪ್ಪು ಯಂತ್ರದ್ದೋ ಪೈಲಟ್‌ನದ್ದೋ ಅಂತ ಜಗಳ ನಡೆಯಿತು, ಗಿರಾಕಿಯಂತೂ ಹೋದ.

ಇನ್ನು ರೊಕ್ಕದ ಮಾತು. ನೆರವು ಅಂದದ್ದೆಲ್ಲ ಪುಕ್ಕಟೆ ಅಲ್ಲ. ದೊಡ್ಡ ಮೊತ್ತಗಳು ಬಹುಪಾಲು ನಮ್ಮ ಸರ್ಕಾರದ್ದೇ ಆದ ಎಕ್ಸಿಂ ಬ್ಯಾಂಕಿನ ಸಾಲ. ಹುಬ್ಬಳ್ಳಿಯ ಗೋಕುಲ ರೋಡಿನ ಶೋರೂಮಿನಲ್ಲಿ ಟ್ರ್ಯಾಕ್ಟರ್ ಸಾಲ ಆದ ಹಾಗೆ: ಹಣ ರೈತನ ಕೈಗೆ ಬರೋದಿಲ್ಲ, ಸೀದಾ ಡೀಲರ್‌ಗೆ ಹೋಗುತ್ತದೆ. ಇಲ್ಲೂ ಬ್ಯಾಂಕು ಭಾರತದ ಕಂಪನಿಗೇ ಪಾವತಿ ಮಾಡುತ್ತದೆ, ಆ ದೇಶ ವರ್ಷಗಟ್ಟಲೆ ಕಂತು ಕಟ್ಟುತ್ತದೆ. ಬಡ್ಡಿಯ ವ್ಯತ್ಯಾಸ ತುಂಬೋದು, ಜಾಮೀನು ನಿಲ್ಲೋದು ನಮ್ಮ ಸರ್ಕಾರ. ಹಾಗಾಗಿ ಬೆಳೆ ಪರಿಹಾರದ ದುಡ್ಡು ಅಲ್ಲಿಗೆ ಹೋಯಿತು ಅನ್ನೋದು ಸರಿಯಲ್ಲ. ಆದರೆ ಅವರು ಕಂತು ಕಟ್ಟದಿದ್ದರೆ ಹೊರೆ ನಮ್ಮ ತಲೆ ಮೇಲೆ ಅನ್ನೋದು ಖರೆ.

ಸಾಲ ಘೋಷಣೆ ಆದ ಮಾತ್ರಕ್ಕೆ ಖರ್ಚಾಗೋದಿಲ್ಲ. ಬಾಂಗ್ಲಾದೇಶಕ್ಕೆ ರಕ್ಷಣೆಗೆಂದೇ 50 ಕೋಟಿ ಡಾಲರ್ ಇಟ್ಟಿದ್ದೆವು, ಬಳಕೆ ಆಮೆವೇಗ. ಅಲ್ಲಿ ಸರ್ಕಾರ ಬದಲಾದ ಮೇಲೆ 2025ರಲ್ಲಿ ಕೋಲ್ಕತಾದ ಶಿಪ್‌ಯಾರ್ಡ್‌ಗೆ ಕೊಟ್ಟಿದ್ದ, ಹಡಗು ಎಳೆಯೋ ಟಗ್ ದೋಣಿಯ ಆರ್ಡರನ್ನೂ ರದ್ದು ಮಾಡಿದರು. ವಿಯೆಟ್ನಾಂ ಜೊತೆ ಮಾಡಿದ್ದು ಮಾತ್ರ ನನಗೆ ಹಿಡಿಸಿತು. 10 ಕೋಟಿ ಡಾಲರ್ ಸಾಲ, 12 ವೇಗದ ಗಸ್ತು ದೋಣಿ. ಮೊದಲ ಐದನ್ನು ಎಲ್ ಅಂಡ್ ಟಿ ಇಲ್ಲಿ ಕಟ್ಟಿತು, ಉಳಿದ ಏಳನ್ನು ಅವರದೇ ಹೊಂಗ್ ಹಾ ಯಾರ್ಡಿನಲ್ಲಿ ಕಟ್ಟಿಸಿದರು. 2022ರ ಜೂನ್‌ನಲ್ಲಿ ಹಸ್ತಾಂತರ ಆಯಿತು. ಏಳು ದೋಣಿ ಬೆಸುಗೆ ಹಾಕಿದ ಯಾರ್ಡಿಗೆ ಎಂಟನೆಯದನ್ನು ರಿಪೇರಿ ಮಾಡೋದು ಯಾರೂ ಹೇಳಿಕೊಡಬೇಕಿಲ್ಲ.

ಮ್ಯಾನ್ಮಾರ್ ವಿಷಯದಲ್ಲಿ ನನ್ನ ತಕರಾರಿದೆ. 2020ರಲ್ಲಿ ಸಿಂಧುವೀರ್ ಜಲಾಂತರ್ಗಾಮಿಯನ್ನು ವಿಶಾಖಪಟ್ಟಣದಲ್ಲಿ ದುರಸ್ತಿ ಮಾಡಿಸಿ ಅವರಿಗೆ ಕೊಟ್ಟೆವು. 2021ರ ಫೆಬ್ರವರಿ 1ರಂದು ಅದೇ ಸೇನೆ ಚುನಾಯಿತ ಸರ್ಕಾರವನ್ನು ಕಿತ್ತುಹಾಕಿತು. ಕೊಟ್ಟದ್ದನ್ನು ಕಿತ್ತುಕೊಂಡು ಬರೋಕಾಗೋದಿಲ್ಲ. ಹಿಡಿತ ಉಳಿಯೋದು ಬಿಡಿಭಾಗ, ಬ್ಯಾಟರಿ, ಓವರ್‌ಹಾಲ್‌ನಲ್ಲಿ ಮಾತ್ರ. ಯಾವ ಪರಿಸ್ಥಿತಿಯಲ್ಲಿ ಅವನ್ನು ನಿಲ್ಲಿಸುತ್ತೇವೆ ಅನ್ನೋದು ಕೊಡೋ ಮೊದಲೇ ಕಾಗದದ ಮೇಲೆ ಬರಬೇಕು.

ನಮ್ಮಿಂದ ಅರಬೈಲ್ ಘಟ್ಟ ಇಳಿದರೆ ಕಾರವಾರ. 2025ರ ಏಪ್ರಿಲ್ 5ರಂದು ಅಲ್ಲಿಂದ ಹೊರಟ ನಮ್ಮ ನೌಕಾಪಡೆಯ ಹಡಗು ಐಎನ್‌ಎಸ್ ಸುನಯನಾದಲ್ಲಿ ಮಾಲ್ದೀವ್ಸ್, ಶ್ರೀಲಂಕಾ, ಕೀನ್ಯಾ ಸೇರಿ ಒಂಬತ್ತು ದೇಶಗಳ 44 ನೌಕಾ ಸಿಬ್ಬಂದಿ ನಮ್ಮವರ ಜೊತೆ ಕೆಲಸ ಮಾಡಿದರು. ಒಳ್ಳೇ ದಾರಿ ಇದು. ಮುಂದಿನ ಸಲ ಅಧಿಕಾರಿಗಳ ಸೀಟು ಕಮ್ಮಿ ಮಾಡಿ, ಎಂಜಿನ್ ರೂಮಿನಲ್ಲಿ ಸ್ಪ್ಯಾನರ್ ಹಿಡಿಯೋರನ್ನು ಹೆಚ್ಚು ಕರೀರಿ. ಆರು ವಾರಕ್ಕಲ್ಲ, ಎರಡು ವರ್ಷಕ್ಕೆ.