ಕಾಯಿ, ಕಾಯಿ ಅಂತ ನನ್ನ ತಲೆ ತಿನ್ನಬೇಡಿ

"ಒಳ್ಳೆ ಎಲೆ ಬರೋವರೆಗೂ ಕಾಯಬೇಕು ಮಾರಾಯ." ಪೋಕರ್ ಆಡೋವಾಗ ಈ ಮಾತು ಕೇಳಿ ಕೇಳಿ ಸಾಕಾಗಿದೆ.

ನಾವು ಕೂರೋದು ನಾಲ್ಕೇ ಜನ. ದುಡ್ಡಿಲ್ಲ, ಬರೀ ಚಿಪ್ಸ್, ಅಂದರೆ ಆಟದ ಬಿಲ್ಲೆ. ಒಬ್ಬೊಬ್ಬರ ಕೈಗೆ ಎರಡೆರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿ ಐದು. ಅದರಲ್ಲಿ ಒಬ್ಬನಿದ್ದಾನೆ, ಯಾವ ಎಲೆ ಬಂದರೂ ರೈಸ್, ಅಂದರೆ ಪಣ ಏರಿಸೋದೇ. ಫ್ಲಾಪ್, ಅಂದರೆ ಮೇಜಿನ ಮೊದಲ ಮೂರು ಎಲೆ, ಬಿದ್ದ ತಕ್ಷಣ ಮತ್ತೆ ಬೆಟ್. ಉಳಿದಿಬ್ಬರು ಎಲೆ ಬಿಸಾಕಿ, ಅವನು ಪಾಟ್, ಅಂದರೆ ಮಧ್ಯೆ ಸೇರಿದ ಚಿಪ್ಸ್, ಎಳೆದುಕೊಳ್ಳೋದನ್ನು ನೋಡ್ತಾ ಕೂರುತ್ತಾರೆ. ನಾನು ಎದುರು ನಿಂತರೆ ಬುದ್ಧಿಮಾತು ನನಗೆ!

ಸ್ವಲ್ಪ ಲೆಕ್ಕ ಹಾಕ್ರಪ್ಪಾ. ಎಲೆ ನೋಡೋ ಮೊದಲೇ ಸರದಿಯಂತೆ ಇಬ್ಬರು ಕಟ್ಟಲೇಬೇಕಾದ ಚಿಪ್ಸ್, ಅಂದರೆ ಬ್ಲೈಂಡ್, ನಮ್ಮಲ್ಲಿ 10 ಮತ್ತು 20. ಒಂಬತ್ತು ಜನರಿದ್ದರೆ ಒಂಬತ್ತು ಆಟಕ್ಕೊಮ್ಮೆ ಆ 30 ಕಟ್ಟಬೇಕು. ನಾಲ್ಕು ಜನರಿದ್ದರೆ ನಾಲ್ಕೇ ಆಟಕ್ಕೆ. ಎಕ್ಕದ ಜೋಡಿ, ರಾಜನ ಜೋಡಿ, ರಾಣಿಯ ಜೋಡಿ, ಇಲ್ಲಾ ಎಕ್ಕ-ರಾಜ, ಇವುಗಳಲ್ಲಿ ಒಂದು ಕೈಗೆ ಬರೋದು ಸರಾಸರಿ 39 ಆಟಕ್ಕೊಮ್ಮೆ. ಅಷ್ಟರಲ್ಲಿ ಹತ್ತು ಸುತ್ತು ಹತ್ತಿರ ಹತ್ತಿರ ಮುಗಿದು, 1000 ಚಿಪ್ಸ್‌ನಲ್ಲಿ ಸುಮಾರು 300 ಸುಮ್ನೆ ಕೂತೇ ಹೋಗಿರುತ್ತದೆ. ಕೊನೆಗೆ ಎಕ್ಕದ ಜೋಡಿ ಬಂದು ರೈಸ್ ಮಾಡಿದಿರಿ ಅಂತಿಟ್ಟುಕೊಳ್ಳಿ. ಅವನು ಆರಾಮಾಗಿ ಎಲೆ ಬಿಸಾಕುತ್ತಾನೆ. ನೀವು ಯಾವಾಗ ರೈಸ್ ಮಾಡ್ತೀರಿ ಅಂತ ಅವನಿಗೆ ಗೊತ್ತಿಲ್ವಾ?

ಜೋಡಿಯಲ್ಲದ ಎರಡು ಎಲೆ ಹಿಡಿದವನಿಗೆ ಮೂರರಲ್ಲಿ ಎರಡು ಸಲ ಫ್ಲಾಪ್‌ನಲ್ಲಿ ಏನೂ ಕೂಡೋದಿಲ್ಲ. ಅವನಿಗೂ ಅಷ್ಟೇ ತಾನೇ? ಪಾಟ್‌ನಷ್ಟೇ ಬೆಟ್ ಇಟ್ಟಾಗ ನಾವು ಅರ್ಧಕ್ಕಿಂತ ಜಾಸ್ತಿ ಸಲ ಎಲೆ ಬಿಸಾಕಿದರೆ, ಅವನು ತನ್ನ ಎಲೆ ನೋಡೋದೇ ಬೇಕಿಲ್ಲ. ಅವನನ್ನು ಬೆಳೆಸಿದ್ದೇ ಈ ಇಬ್ಬರು.

ಮೊನ್ನೆಯದು ಕೇಳಿ. ಮೇಜಿನ ಮೇಲೆ ರಾಜ, ಒಂಬತ್ತು, ನಾಲ್ಕು, ಎರಡು, ಆರು. ನನ್ನ ಕೈಯಲ್ಲೊಂದು ಒಂಬತ್ತು, ಮೇಜಿನದರ ಜೊತೆ ಸೇರಿ ಒಂಬತ್ತರ ಜೋಡಿ. ಅವನು ಫ್ಲಾಪ್‌ನಲ್ಲೂ ಬೆಟ್, ನಾಲ್ಕನೇ ಎಲೆಗೂ ಬೆಟ್. ಕೊನೆಯ, ಐದನೇ ಎಲೆಗೆ ಬಂದಾಗ ಪಾಟ್ 400, ಅವನ ಬೆಟ್ 400. ನಾನು 400 ಹಾಕಿದರೆ ಗೆಲ್ಲೋದು 800. ಮೂರರಲ್ಲಿ ಒಂದು ಸಲ ಗೆದ್ದರೂ ಸಮ ಆಗುತ್ತದೆ. ಇವನೋ, ಬ್ಲಫ್ ಮಾಡಿ ಗೆದ್ದು ಖಾಲಿ ಎಲೆ ತೋರಿಸಿ ನಗೋ ಜಾತಿ. ಕಾಲ್ ಮಾಡಿದೆ, ಅಂದರೆ ನಾನೂ 400 ಹಾಕಿದೆ. ಅವನ ಕೈಯಲ್ಲಿದ್ದದ್ದು ರಾಣಿ, ಏಳು. ಏನೂ ಇಲ್ಲ!

ಆಗ ಸಿಟ್ಟು ಬಂದಿದ್ದು ಯಾರಿಗೆ? ಅವನಿಗೆ. "ಒಂಬತ್ತರ ಜೋಡಿ ಇಟ್ಕೊಂಡು ಯಾರಾದ್ರೂ ಕಾಲ್ ಮಾಡ್ತಾರಾ?" ಉಳಿದಿಬ್ಬರೂ ತಲೆಯಾಡಿಸಿ, "ನಿನ್ನ ಅದೃಷ್ಟ ಬಿಡು" ಅಂದರು. ಮೈಯೆಲ್ಲ ಉರಿಯಿತು. ಅವನು ಏನೂ ಇಲ್ಲದೆ 400 ತಳ್ಳಿದರೆ ಧೈರ್ಯ. ನಾನು ಲೆಕ್ಕ ಹಾಕಿ ಕಾಲ್ ಮಾಡಿದರೆ ಅದೃಷ್ಟ. ಇದ್ಯಾವ ನ್ಯಾಯ?

ಕೂರೋ ಜಾಗದ ವಿಷಯವೂ ಅಷ್ಟೇ. ಇಂಥವನ ಎಡಗಡೆ ಕೂತರೆ ಅವನು ಮಾಡಿದ್ದನ್ನು ನೋಡಿ ನಾವು ಆಡಬಹುದು. ಅವನಿಗೂ ಇದು ಗೊತ್ತು. ಮೊದಲೇ ಬಂದು ನನ್ನ ಎಡಕ್ಕೆ ಕೂತುಬಿಡುತ್ತಾನೆ. ಚೀಟಿ ಎತ್ತೋಣ ಅಂದರೆ "ಇದೇನು ಕ್ಯಾಸಿನೋನಾ?" ಅಂತಾರೆ. ಮುಂದಿನ ವಾರ ಚೀಟಿ ಎತ್ತದಿದ್ದರೆ ನಾನು ಆಡೋದಿಲ್ಲ. ಮೂರೇ ಜನ ಕೂತು ಇನ್ನೂ ಬೇಗ ಬೇಗ ಬ್ಲೈಂಡ್ ಕಟ್ಟಿಕೊಳ್ಳಲಿ.